ಹಲ್ಲಿಮರಿಯ ಬಾಣಂತನ

ನಾಗಮಂಗಲದಲ್ಲಿ ಭಾವಮೈದುನನ ಗೃಹಪ್ರವೇಶವಿದ್ದ ವಾರ ನಾನು ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆಯೊಂದರಲ್ಲಿ ಕೂತಿದ್ದೆ. ಕಿಟಕಿ ಮುಚ್ಚಿತ್ತು, ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿತ್ತು, ಒಳಗೆ ಮನುಷ್ಯ ಬೇಯುವಷ್ಟು ಸೆಕೆ. ಹೊರಗಿನಿಂದ ಯಾರೂ ಚಿಲಕ ಹಾಕಿರಲಿಲ್ಲ. ನನ್ನನ್ನು ಬಂಧಿಸಿಟ್ಟಿದ್ದದ್ದು ಮೂರು ಗ್ರಾಂ ಕೂಡ ತೂಗದ ಒಂದು ಹಲ್ಲಿಮರಿ.

ಕಸುಬಿನ ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಹಲ್ಲಿ ಸಾಕುವವನು. ಗೋಡೆಯ ಮೇಲೆ ಲೊಚಗುಟ್ಟುವ ನಮ್ಮೂರ ಹಲ್ಲಿಯಲ್ಲ. ಮೈತುಂಬ ಚುಕ್ಕೆ, ದಪ್ಪ ಬಾಲ, ರೆಪ್ಪೆ ಮಿಟುಕಿಸುವ ಹೊರನಾಡಿನ ಜಾತಿ. ಅದಕ್ಕೆ ಬೇಕಾದ ಕಾಗದಪತ್ರಗಳೆಲ್ಲ ಇವೆ. ಮರಿ ಮಾಡಿಸಿ, ಬೆಳೆಸಿ, ಮೈಸೂರಿನ ಕಡೆ ಆಸೆಪಟ್ಟು ಸಾಕುವವರಿಗೆ ಕೊಡುತ್ತೇನೆ. ಚಿನಕುರಳಿಯ ಪಕ್ಕದ ನಮ್ಮ ಮನೆತನಕ್ಕಾದರೋ ಅಜ್ಜನ ಕಾಲದಿಂದ ರೇಷ್ಮೆಯ ಕಸುಬು. ರೇಷ್ಮೆಮನೆಯಲ್ಲಿ ಹಲ್ಲಿ ಎಂದರೆ ಹುಳು ತಿನ್ನುವ ಕಳ್ಳ. ಅಜ್ಜ ಪೊರಕೆ ಹಿಡಿದು ಅಟ್ಟಿದ ಕುಲವನ್ನು ಮೊಮ್ಮಗ ಕರೆತಂದು ಕೂರಿಸಿದ್ದು ಅಣ್ಣನ ಪ್ರಕಾರ ವಂಶದ ಅಧಃಪತನ. ಪಕ್ಕದ ಕಟ್ಟಡದಲ್ಲಿ ಅವನು ಇಂದಿಗೂ ಹುಳು ಮೇಯಿಸುತ್ತಾನೆ. ಹಲ್ಲಿ ಮುಟ್ಟಿದ ಕೈಯವನು ತನ್ನ ಹೊಸ್ತಿಲು ದಾಟಕೂಡದೆಂದು ನನ್ನ ಮೇಲೆ ಅವನ ಶಾಶ್ವತ ಆಜ್ಞೆಯಿದೆ.

ಮರಿ ದುರ್ಬಲವಾಗಿ ಹುಟ್ಟಿದ್ದು ದೈವಸಂಕಲ್ಪವಲ್ಲ, ನನ್ನ ಸಂಕಲ್ಪ. ಈ ಜಾತಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಒದ್ದೆ ತೆಂಗಿನನಾರಿನ ಪುಡಿಯಲ್ಲಿ ಕಾವಿಗಿಟ್ಟಿದ್ದ ಜೋಡಿಯಲ್ಲಿ ಒಂದು ಒಡೆದು ಮರಿ ಗಟ್ಟಿಮುಟ್ಟಾಗಿ ಹೊರಬಂತು. ಇನ್ನೊಂದು ಮಾರನೆಯ ದಿನವೂ ಸುಮ್ಮನಿತ್ತು. ರೇಷ್ಮೆಯವರ ಮನೆಯಲ್ಲಿ ಬೆಳೆದವನಿಗೆ ಇದು ಸಹಿಸುವ ಸಂಗತಿಯಲ್ಲ. ನಮ್ಮಲ್ಲಿ ಮೊಟ್ಟೆಯ ಹಾಳೆಗೆ ಕಪ್ಪು ಬಟ್ಟೆ ಸುತ್ತಿ ಕತ್ತಲಲ್ಲಿಟ್ಟು, ಬೆಳಿಗ್ಗೆ ಬಿಚ್ಚಿ ಬೆಳಕು ತೋರಿಸಿದರೆ ಹುಳುಗಳೆಲ್ಲ ಒಂದೇ ಹೊತ್ತಿಗೆ ಏಳುತ್ತವೆ. ಒಟ್ಟಿಗೆ ಎದ್ದದ್ದು ಒಟ್ಟಿಗೆ ಮೇಯಬೇಕು. ಹಿಂದೆ ಬಿದ್ದದ್ದನ್ನು ಆಯ್ದು ಎಸೆಯಬೇಕು. ಈ ಶಾಸ್ತ್ರ ತಲೆಯೊಳಗೆ ಕೂತಿದ್ದುದರಿಂದ, ಮರಿ ಒಳಗೆ ಸಿಕ್ಕಿಕೊಂಡಿದೆಯೆಂದು ತೀರ್ಪು ಕೊಟ್ಟು, ಸಣ್ಣ ಕತ್ತರಿಯಿಂದ ಮೊಟ್ಟೆ ಬಿಡಿಸಿದೆ.

ಮರಿ ಸಿಕ್ಕಿಕೊಂಡಿರಲಿಲ್ಲ. ಅದಕ್ಕಿನ್ನೂ ದಿನ ತುಂಬಿರಲಿಲ್ಲ, ಅಷ್ಟೆ. ಹೊಟ್ಟೆಗೆ ಅವರೆಕಾಳು ಗಾತ್ರದ ಹಳದಿ ಚೀಲ, ಮೊಟ್ಟೆಯೊಳಗೆ ಮರಿ ಉಣ್ಣುವ ಬುತ್ತಿ, ಅಂಟಿಕೊಂಡೇ ಇತ್ತು. ಆ ಚೀಲ ತಾನಾಗಿ ಹೊಟ್ಟೆಯೊಳಗೆ ಇಳಿಯಬೇಕು. ಅದು ಒಣಗಿದರೂ ಹರಿದರೂ ಮರಿ ಉಳಿಯದು, ಪೆಟ್ಟಿಗೆ ತಣ್ಣಗಾದರೂ ಉಳಿಯದು. ಒದ್ದೆ ಟಿಶ್ಯೂ ಕಾಗದದ ಮೇಲೆ ಮಲಗಿಸಿ ಮುಂದೆ ಕೂತೆ. ಕೂತವನಿಗೆ ಏಳಲಾಗಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಹೆಂಡತಿ ಸೀರೆಯುಟ್ಟು ಗೋಣಿತಾಟಿನಾಚೆ ಬಂದು ನಿಂತಳು.

“ಬತ್ತೀರೋ ಇಲ್ವೋ? ಆಟೋದವ್ನು ಕಾಯ್ತಾವ್ನೆ.”

“ಎಂಗೆ ಬರ್ಲೆ? ಗಳಿಗೆಗೊಂದ್ಸಲ ನೀರು ಚಿಮುಕಿಸ್ಬೇಕು. ಕರೆಂಟು ಬೇರೆ ಓಯ್ತಾ ಬತ್ತಾ ಅದೆ.”

“ನಂಗೆ ಎರಡು ಬಾಣಂತನ ಆಯ್ತು. ಒಂದಿನಾನಾದ್ರೂ ಇಂಗೆ ಮುಂದೆ ಕೂತಿದ್ರಾ?”

ಕೂತಿರಲಿಲ್ಲ. ಹಲ್ಲಿಯ ಸಾನ್ನಿಧ್ಯದಲ್ಲಿ ಸುಳ್ಳಾಡುವುದು ಬೇಡವೆಂದು ಮಾತು ಬದಲಿಸಿದೆ.

“ಯಾರಾದ್ರೂ ಕೇಳಿದ್ರೆ ಮೈಗೆ ಉಸಾರಿಲ್ಲ ಅನ್ನು.”

“ಸುಳ್ಯಾಕೇಳ್ಲಿ? ನಮ್ಮನೆಯವ್ರು ಹಲ್ಲಿಗೆ ಬಾಣಂತನ ಮಾಡ್ತಾ ಕೂತವ್ರೆ ಅಂತೀನಿ.”

ಅಂದಳು ಕೂಡ. ಮಧ್ಯಾಹ್ನದೊಳಗೆ ನಾಗಮಂಗಲದಿಂದ ನಾಲ್ಕು ಜನ ಫೋನು ಮಾಡಿ ತಾಯಿ-ಮಗು ಕ್ಷೇಮವೇ ಎಂದು ವಿಚಾರಿಸಿದರು. ತಾಯಿ ನಾನು.

ಭಾವಮೈದುನನ ಮನೆಯಲ್ಲೇ ಅವಳು ವಾರ ಉಳಿದಳು. ಇತ್ತ ಅಣ್ಣನ ಮನೆಯಿಂದ ಅತ್ತಿಗೆ ಬಂದು ಗೋಣಿತಾಟಿನ ಕೆಳಗಿನಿಂದ ತಟ್ಟೆ ತಳ್ಳಿ ಹೋಗುತ್ತಿದ್ದರು. ಕರೆಂಟು ಹೋದಾಗ ಬಾಟಲಿಗೆ ಬಿಸಿನೀರು ತುಂಬಿ, ಟವೆಲು ಸುತ್ತಿ ಪೆಟ್ಟಿಗೆಯೊಳಗಿಡುತ್ತಿದ್ದೆ. ದೂರದ ಕ್ವಾರಿಯಲ್ಲಿ ಕಲ್ಲು ಸಿಡಿದಾಗ ಪೆಟ್ಟಿಗೆಯ ಮೇಲೆ ಅಂಗೈಯೂರಿ ಭೂಮಂಡಲವನ್ನು ಹಿಡಿದು ನಿಲ್ಲಿಸುತ್ತಿದ್ದೆ. ಉಳಿದ ಹೊತ್ತು ಹಳದಿ ಚೀಲವನ್ನೇ ನೋಡುವುದು. ನೋಡುತ್ತಿದ್ದರೆ ಅದು ಕುಗ್ಗುವುದಿಲ್ಲ. ಕಣ್ಣು ತೆಗೆಯೋಣವೆಂದರೆ ಧೈರ್ಯವಿಲ್ಲ. ಸ್ನಾನಕ್ಕೆ ಹೋದರೆ ಎರಡು ತಂಬಿಗೆ ಸುರಿದುಕೊಂಡು ಓಡಿಬರುತ್ತಿದ್ದೆ. ಹೊರಗೆ ಕಬ್ಬಿನ ಟ್ರಾಕ್ಟರುಗಳು ಪಾಂಡವಪುರದ ಕಡೆ ಹೋಗುವ ಸದ್ದು ಕೇಳಿದರೆ, ಆ ಕಬ್ಬಿಗಾದರೂ ಊರು ಬಿಡುವ ಭಾಗ್ಯವಿದೆಯಲ್ಲ ಎನಿಸುತ್ತಿತ್ತು.

ಐದನೆಯ ದಿನ ಚೀಲ ಪೂರ್ತಿ ಒಳಗಿಳಿಯಿತು. ಮಾರನೆಯ ದಿನ ಮರಿ ಮೊದಲ ಪೊರೆ ಬಿಟ್ಟಿತು. ಹಿಂಗಾಲಿಗೆ ಅಂಟಿಕೊಂಡಿದ್ದ ಚೂರನ್ನು ಒದ್ದೆ ಹತ್ತಿಯಿಂದ ಬಿಡಿಸಿದೆ. ಬುತ್ತಿ ಮುಗಿದಿತ್ತು, ಇನ್ನು ತಿನ್ನಬೇಕು. ಜೊತೆಯ ಮರಿ ನುಂಗುತ್ತಿದ್ದ ಮಿಡತೆಗಳು ಇದರ ತಲೆಗಿಂತ ದಪ್ಪ. ಬೇಕಾದದ್ದು ಮೆತ್ತಗಿನ ಎಳೆಯ ಹುಳು. ಅದಿದ್ದದ್ದು ಒಬ್ಬನ ಹತ್ತಿರ. ಕಿಟಕಿ ಒಂದಿಷ್ಟೇ ತೆರೆದು ಕೂಗಿದೆ.

“ಅಣ್ಣಯ್ಯ, ನಾಲ್ಕು ಸಣ್ಣ ಉಳ ಕೊಡಣ್ಣ.”

“ಯಾಕ್ಲಾ?”

“ಮರಿಗೆ.”

“ಲೇ, ಬುದ್ಧಿಗಿದ್ಧಿ ಕೆಟ್ಟದೇನ್ಲಾ? ಹಲ್ಲಿ ಕಾಯಾಕೆ ಅಂತ ನಮ್ಮಪ್ಪ ಉಳದ ತಟ್ಟೆ ಪಕ್ಕದಲ್ಲೇ ಮನಿಕತಿದ್ದ. ನಾನು ಕೈಯಾರ ಹಲ್ಲಿಗೆ ಉಳ ತಿನ್ಸ್ಲಾ?”

“ಇಲ್ದಿದ್ರೆ ಸತ್ತೋಯ್ತದೆ.”

“ಸಾಯ್ಲಿ ಬುಡು. ಇಂದ್ಕೆ ಬಿದ್ದಿದ್ದು ಯಾವತ್ತೂ ಏಳಾಕಿಲ್ಲ ಕಣ್ಲಾ.”

“ಅದು ಇಂದ್ಕೆ ಬಿದ್ದಿರ್ನಿಲ್ಲ ಕಣಣ್ಣ. ನಾನೇ ಮುಂಚೆ ಎಳೆದ್ಬುಟ್ಟೆ.”

ಅಣ್ಣ ರೇಷ್ಮೆಮನೆಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಒಂದು ಹಿಪ್ಪುನೇರಳೆ ಎಲೆ ಬಂತು. ಮೇಲೆ ಅವನು ಆ ದಿನ ಆಯ್ದು ಎಸೆಯಬೇಕಿದ್ದ ಸಣಕಲು ಹುಳುಗಳು. ನನ್ನ ಕೈಗೆ ಕೊಡದೆ ಅಲ್ಲಿಟ್ಟು, ನಲ್ಲಿಯಡಿ ನನಗೆ ಕೇಳಿಸುವಂತೆ ಕೈ ತೊಳೆದುಕೊಂಡು ಹೋದ.

ಮರಿ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಒಂದನ್ನು ಜಜ್ಜಿ, ರಸವನ್ನು ಅದರ ತುಟಿಗೆ ಸವರಿದೆ. ನೆಕ್ಕಿತು. ಮರುದಿನ ಚಿಮುಟದಲ್ಲಿ ಹಿಡಿದ ಹುಳುವಿನ ಮೇಲೆ ಎರಗಿ ಗುರಿ ತಪ್ಪಿತು. ಮತ್ತೆ ಎರಗಿ, ಕಚ್ಚಿ ನುಂಗಿತು. ಕೂಗಿ ಹೇಳಲು ಯಾರೂ ಇರಲಿಲ್ಲ. ಒಬ್ಬನೇ ಗೋಡೆಗೊರಗಿ ಕಣ್ಣೊರೆಸಿಕೊಂಡೆ. ಸೆಕೆ ಬಹಳವಿತ್ತು.

ಊರಿಂದ ಬಂದ ಹೆಂಡತಿ ಚಪ್ಪಲಿ ಬಿಡುತ್ತಲೇ ಕೇಳಿದಳು.

“ಉಳೀತಾ?”

“ಉಳೀತು. ಹಿಂಗಾಲು ಎಳೀತದೆ. ತಾನಾಗಿ ಬೇಟೆ ಆಡಾಕಾಗಲ್ಲ, ಕೈಯಲ್ಲೇ ತಿನ್ಸ್ಬೇಕು. ಬೇರೆಯವ್ರಿಗೆ ಕೊಡಂಗಿಲ್ಲ.”

“ಎಷ್ಟು ದಿನ?”

“ಚೆನ್ನಾಗಿ ನೋಡ್ಕಂಡ್ರೆ ಹದಿನೈದು ಇಪ್ಪತ್ತು ವರ್ಷ ಬಾಳ್ತದೆ.”

ನನಗಾಗಲೇ ಅರವತ್ತು. ಅವಳು ಪೆಟ್ಟಿಗೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು.

“ಅಂಗಾದ್ರೆ ಒಳಗೊಂದು ಫ್ಯಾನಾದ್ರೂ ಆಕಿಸ್ಕಳಿ.”

“ಮರಿಗೆ ಗಾಳಿ ಆಗಲ್ಲ ಕಣೆ.”

ಅವಳು ಗೋಣಿತಾಟನ್ನು ಮತ್ತೆ ನೀರಿನಲ್ಲಿ ಅದ್ದಿ ಬಾಗಿಲಿಗೆ ಇಳಿಬಿಟ್ಟು, ಊಟ ಇಲ್ಲಿಗೇ ತರುತ್ತೇನೆಂದು ಹೇಳಿ ಅಡುಗೆಮನೆಗೆ ಹೋದಳು.