ನಾನು ತೆಗೆಸಿದ ಗಂಜಿಯ ಪುಟ

ಬಂಟ್ವಾಳದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದ ಕಾಲದಲ್ಲಿ ನನಗೊಂದು ಚಟವಿತ್ತು. ಮಂಗಳೂರಿನ ವಾರಪತ್ರಿಕೆಯೊಂದಕ್ಕೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಹೊಗಳಿದರೆ ಯಾರೂ ಓದುವುದಿಲ್ಲ, ಕುಟುಕಿದರೆ ಮೇಷ್ಟ್ರುಗಳ ಕೋಣೆಯಲ್ಲಿ ನಾಲ್ಕು ದಿನ ಅದೇ ಮಾತು. ಹಾಗಾಗಿ ಕುಟುಕುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ಸಿದ್ಧಕಟ್ಟೆಯ ದರ್ಜಿಯೊಬ್ಬರು ಪತ್ತೇದಾರಿ ಕಾದಂಬರಿ ಬರೆದರು. ನನ್ನ ಅಂಗಿ ಹೊಲಿಯುತ್ತಿದ್ದವರೇ. ಅಪ್ಪನನ್ನು ಕೊಂದವರನ್ನು ಮಗ ಹುಡುಕಿ ಹುಡುಕಿ ಸೇಡು ತೀರಿಸಿಕೊಳ್ಳುವ ಕಥೆ. ನಕಲಿ ಮೀಸೆ, ಪಿಸ್ತೂಲು, ಸುರಂಗ ಎಲ್ಲವೂ ಇದ್ದವು. ಮೂಡಬಿದ್ರೆಯ ಪ್ರೆಸ್ಸೊಂದರಲ್ಲಿ ಅಚ್ಚಾಗಿ, ಬಸ್ಸು ನಿಲ್ಲುವಲ್ಲಿನ ಅಂಗಡಿಗಳಲ್ಲಿ ನೋಡುನೋಡುತ್ತಿದ್ದಂತೆ ಖಾಲಿಯಾಯಿತು.

ಅದರಲ್ಲಿ ಒಂದು ಪುಟ ನನ್ನ ಕೈಗೆ ಸಿಕ್ಕಿತು. ಗಂಜಿ ಉಣ್ಣಲು ಕೂತ ಹುಡುಗನಿಗೆ ನೆರೆಮನೆಯವಳು ಬಂದು ಅಪ್ಪನ ಕೊಲೆಯ ಸುದ್ದಿ ಹೇಳುತ್ತಾಳೆ. ಅವನು ಅಳುವುದಿಲ್ಲ. ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿಯನ್ನೆಲ್ಲ ಉಂಡು, ಕೈ ತೊಳೆದು ಏಳುತ್ತಾನೆ. ನನ್ನ ಪೆನ್ನಿಗೆ ಹಬ್ಬವಾಯಿತು. ‘ಅಪ್ಪ ಹೆಣವಾಗಿ ಬಿದ್ದಿರುವಾಗ ಉಪ್ಪಿನಕಾಯಿ ನೆಕ್ಕುವ ವೀರಪುತ್ರನನ್ನು ಕನ್ನಡಕ್ಕೆ ಕೊಟ್ಟ ಲೇಖಕರು ಧನ್ಯರು. ಇಂಥ ಮಗ ಯಾವ ಊರಿನಲ್ಲಿದ್ದಾನೆ?’ ಎಂದು ಬರೆದೆ. ಹೆಡ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ತಿಂಗಳ ಮೇಲೆ ಅಂಗಿಯ ಅಳತೆ ಕೊಡಲು ಹೋದೆ. ದರ್ಜಿ ಮುನಿಸಿಕೊಂಡಿರಬಹುದೆಂಬ ಅಳುಕಿತ್ತು. ಅವರೋ ಕುರ್ಚಿ ಒರೆಸಿ ಕೂರಿಸಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಪುಸ್ತಕದ ವಿಷಯ ಬಂದರೆ ಮಾತ್ರ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಕನ್ನಡಕ್ಕೆ ಬರುತ್ತಿದ್ದರು.

“ಎರಡನೇ ಮುದ್ರಣ ಆಗ್ಲಿಕ್ಕೆ ಉಂಟು ಮಾಸ್ಟ್ರೇ. ನೀವು ಬರೆದದ್ದು ಸರಿ. ಆ ಪುಟ ತೆಗೆದಿದ್ದೇನೆ. ಈಗ ಹುಡುಗ ಬಟ್ಟಲು ಬಿಸಾಡಿ ಶಪಥ ಮಾಡ್ತಾನೆ.”

“ಮೊದಲು ಹಾಗೆ ಯಾಕೆ ಬರೆದಿರಿ?” ಎಂದೆ, ದೊಡ್ಡಸ್ತಿಕೆಯಿಂದ.

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡರು. “ಅದು ನಾನೇ ಅಲ್ವಾ. ಆಗ ನಮ್ಮ ಮನೆ ಬೆಳ್ತಂಗಡಿ ಕಡೆ. ಗದ್ದೆಯ ತಕರಾರಿನಲ್ಲಿ ಅಪ್ಪನನ್ನು ಕಡಿದು ಹಾಕಿದ್ರು. ನನಗೆ ಹನ್ನೊಂದು ವರ್ಷ. ನೆರೆಮನೆಯ ಅಕ್ಕ ಹೇಳಿದ್ರು, ‘ಉಂಡು ಮುಗಿಸು ಮಗಾ, ಇನ್ನು ಹೆಣ ಸುಡುವವರೆಗೆ ಈ ಮನೆಯಲ್ಲಿ ಒಲೆ ಹೊತ್ತಿಸ್ಲಿಕ್ಕೆ ಇಲ್ಲ’ ಅಂತ. ಹೆಣ ಪೊಲೀಸರ ಹತ್ರ ಇತ್ತು. ಮನೆಗೆ ಬರುವಾಗ ಮೂರು ದಿನ. ಕಡಿದವರಿಗೆ ಹೆದರಿ ಆಮೇಲೆ ಯಾರೂ ಗಂಜಿ ತರಲಿಲ್ಲ. ತಂಗಿಗೂ ಉಣ್ಣಿಸಿ ನಾನು ಉಂಡೆ. ಇಷ್ಟು ವರ್ಷ ಅದೊಂದು ನಾಚಿಕೆ. ಬರೆದರೆ ಹೋದೀತು ಅಂತ ಗ್ರಹಿಸಿದ್ದೆ. ನಿಮ್ಮದನ್ನು ಓದಿದ ಮೇಲೆ ಗೊತ್ತಾಯ್ತು, ಮಗ ಆದವನು ಹಾಗೆ ಮಾಡಬಾರದಿತ್ತು.”

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ನಮ್ಮ ಅಜ್ಜಿ ಸತ್ತ ದಿನ ನೆರೆಮನೆಯ ಗಂಜಿಯನ್ನೇ ಉಂಡವನು ನಾನು. ಪುಸ್ತಕ ಕೈಗೆ ಬಂದ ಕೂಡಲೆ ಅದೆಲ್ಲ ಮರೆತು, ಹಳೆಯ ಕಾವ್ಯಗಳ ಶಪಥ ಮಾತ್ರ ದುಃಖವೆಂದು ತಿಳಿದಿದ್ದೆ. ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಬೀಳಲಿ ಎನ್ನಿಸಿತು.

“ಹೊಸ ಪುಟ ಅಚ್ಚಾಯಿತೇ?” ಎಂದೆ.

“ಇಲ್ಲ. ನಾಡಿದ್ದು ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಾರೆ.”

‘ಮೊದಲಿನ ಹಾಗೇ ಬಿಡಿ, ತಪ್ಪು ನನ್ನದು’ ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದ ಮೇಲೆ ಪತ್ರಿಕೆಯಲ್ಲೂ ತಪ್ಪೊಪ್ಪಿಕೊಳ್ಳಬೇಕು, ಹೆಡ್‌ಮಾಸ್ಟರು ಈ ಸಲ ನನ್ನನ್ನು ನೋಡಿ ನಗುತ್ತಾರೆ. “ಕತೆಗೆ ಶಪಥವೇ ಚಂದ” ಎಂದುಬಿಟ್ಟೆ. ಅವರ ಮುಖ ಅರಳಿತು. ಅದನ್ನು ನೋಡಲಾರದೆ ನಾನು ಬಟ್ಟೆಯ ಥಾನುಗಳನ್ನು ನೋಡಿದೆ.

ಹೊಸ ಮುದ್ರಣ ಬಂತು. ಮುನ್ನುಡಿಯಲ್ಲಿ ನನಗೆ ಕೃತಜ್ಞತೆ ಹೇಳಿದ್ದರು. ‘ಲೇಖಕರು ತಿದ್ದಿಕೊಂಡಿದ್ದಾರೆ’ ಎಂದು ನಾನೂ ಮೆಚ್ಚಿ ಬರೆದೆ. ಮುಂದಿನ ಸಲ ಅಂಗಡಿಗೆ ಹೋದಾಗ ದರ್ಜಿ ಇರಲಿಲ್ಲ, ಅವರ ತಾಯಿ ಗುಂಡಿ ಹೊಲಿಯುತ್ತ ಕೂತಿದ್ದರು. ಎರಡೂ ಮುದ್ರಣಗಳನ್ನು ಮಗ ಅವರಿಗೆ ಓದಿ ಹೇಳಿದ್ದರಂತೆ. ನಾನು ಯಾರೆಂದು ತಿಳಿದು ಸೂಜಿ ಕೆಳಗಿಟ್ಟು, ತುಳುವಿನಲ್ಲಿ ಕೇಳಿದರು:

“ಆ ಮೂರು ದಿನ ನನಗೆ ಸಮಾಧಾನ ಅಂತ ಇದ್ದದ್ದು ಒಂದೇ ಮಾಸ್ಟ್ರೇ, ಮಕ್ಕಳ ಹೊಟ್ಟೆಗೆ ಒಂದು ಹೊತ್ತಾದರೂ ಬಿದ್ದಿತ್ತಲ್ಲ ಅಂತ. ಅದನ್ನು ಯಾಕೆ ತೆಗೆಸಿದ್ರಿ?”

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.