ದೊಡ್ಡವ್ವ ಅಗೆಯುತ್ತಿದ್ದ ಬೇರು

ಹಸಿ ಬೇರಿನ ಒಗರು ವಾಸನೆ ಎಲ್ಲಾದರೂ ಬಂದರೆ ನನಗೆ ಕಪ್ಪತಗುಡ್ಡದ ಆ ಸೋಮವಾರ ನೆನಪಾಗುತ್ತದೆ. ಮಳೆ ಹಿಡಿಯುವ ಮುಂಚಿನ ಕೊನೆಯ ದಿನ ಅದೆಂದು ನಮಗೆ ಗೊತ್ತಿರಲಿಲ್ಲ. ಹೊಟ್ಟೆ ಉಬ್ಬಿದ ಆಡು-ಕುರಿಗಳಿಗೆ ದೊಡ್ಡವ್ವ ಬೇರು ತೇಯ್ದು ಕುಡಿಸುತ್ತಿದ್ದಳು. ಆ ಗಿಡವಿದ್ದದ್ದು ಗುಡ್ಡದ ಒಂದೇ ಇಳಿಜಾರಿನಲ್ಲಿ. ಕಣ್ಣಿಗೆ ಪೊರೆ ಬಂದಿದ್ದರೂ ಅವಳು ಬಂಡೆ ತಡವಿ ಸರಿಯಾಗಿ ಅದರ ಬುಡಕ್ಕೇ ಹೋಗಿ ಕೂರುತ್ತಿದ್ದಳು. ಮದ್ದಿನ ಗಿಡವನ್ನು ಇನ್ನೊಬ್ಬರಿಗೆ ತೋರಿಸಿದರೆ, ಹೆಸರು ಹೇಳಿದರೆ ಗುಣ ಹೋಗುತ್ತದೆಂಬ ನಂಬಿಕೆ. ಜೊತೆಗೆ ಹೋದ ನನಗೂ, “ನೀಲಿ, ಆ ಕಡಿ ಮಾರಿ ಮಾಡು,” ಎನ್ನುತ್ತಿದ್ದಳು. ನಾನು ದೂರದ ಗಾಳಿಯಂತ್ರಗಳನ್ನು ಎಣಿಸುತ್ತ ನಿಲ್ಲುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು.

ಅಂದು ಮನೆಗೆ ಬಂದಾಗ ಹಮ್ಮಿಗಿಯ ಕುರಿಗಾರನೊಬ್ಬ ಆಡು ಹೊತ್ತು ತಂದು ಕಟ್ಟೆಯ ಮೇಲೆ ಕೂತಿದ್ದ. “ಗಂಗವ್ವಾ, ಇದರ ಹೊಟ್ಟಿ ನನ್ನ ಹೇಣ್ತಿ ಸಿಟ್ಟಿನಂಗ ಉಬ್ಬೇತಿ, ಜಲ್ದಿ ಮಾಡ.”

“ಹಂಗಾರ ಆಕಿಗೂ ಒಂದ ಚೂರು ಒಯ್ಯೋ,” ಎಂದು ದೊಡ್ಡವ್ವ ನಕ್ಕಳು. ಅವನು ಕೊಟ್ಟುಹೋದ ಜೋಳವನ್ನು ಮೊರದಲ್ಲಿ ಕೇರಿದಳು. ಗಂಡನಿಲ್ಲದ ಅವಳ, ತಾಯಿಯಿಲ್ಲದ ನನ್ನ ರೊಟ್ಟಿ ಹೀಗೇ ಬರುತ್ತಿತ್ತು.

ಮರುದಿನದಿಂದ ನಾಲ್ಕು ದಿನ ಸುರಿದ ಮಳೆ ಊರಿನ ಮುದುಕರೂ ಕಂಡಿರದಂಥದ್ದು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಆ ಇಳಿಜಾರು ಬಂಡೆಯ ಸಮೇತ ಹಳ್ಳಕ್ಕೆ ಜಾರಿತ್ತು. ದೊಡ್ಡವ್ವ ಕೆಂಪು ಕೆಸರಿನಲ್ಲಿ ಬಹಳ ಹೊತ್ತು ಕೈಯಾಡಿಸಿದಳು. ಆಮೇಲೆ ನನ್ನ ಮುಂಗೈ ಹಿಡಿದು, ಯಾರಿಗೂ ಹೇಳಿರದ ಆ ಹೆಸರನ್ನು ಕಿವಿಯಲ್ಲಿ ಹೇಳಿದಳು. “ಎಲಿ ಸಣ್ಣದು, ಹಿಂದ ಬೂದಿ ಬಣ್ಣ. ತಪ್ಪು ಮಾಡಿದ್ನೆವ್ವಾ, ಒಮ್ಮಿನೂ ನಿನಗ ತೋರಸಲಿಲ್ಲ. ಇನ್ನ ನಿನ್ನ ಕಣ್ಣ ನನಗ ಗತಿ. ಹುಡುಕು.”

ಗುಡ್ಡವೆಲ್ಲ ಸುತ್ತಿ, ಹೋಲುವುದನ್ನೆಲ್ಲ ಕಿತ್ತು ತಂದೆ. ಅವಳು ಒಂದೊಂದನ್ನೂ ಮುರಿದು ಮೂಸಿ, “ಇದಲ್ಲ,” ಎಂದು ಪಕ್ಕಕ್ಕಿಡುತ್ತಿದ್ದಳು, ಒಮ್ಮೆಯೂ ಬೈಯಲಿಲ್ಲ. ಮುಂದಿನ ಎರಡು ವರ್ಷ ಮಳೆಯೇ ಬರಲಿಲ್ಲ. ಒಣಹುಲ್ಲಿಗೆ ಬೆಂಕಿ ಬಿದ್ದು ಉಳಿದ ಗುಡ್ಡವೂ ಉರಿಯಿತು. ಮದ್ದಿಲ್ಲದ ಮನೆಗೆ ಕುರಿಗಾರರು ಬರುವುದನ್ನು ಬಿಟ್ಟರು. ದೊಡ್ಡವ್ವ ಸೊರಟೂರಿನ ಹೊಲಗಳಲ್ಲಿ ಕೂತು, ಕೈಯಿಂದಲೇ ತಡವಿ ಉಳ್ಳಾಗಡ್ಡಿಯ ಸೊಪ್ಪು ಕತ್ತರಿಸುವ ಕೂಲಿಗೆ ಹೋದಳು. ಅಲ್ಲಿ ಅವಳನ್ನು ಯಾರೂ ಗಂಗವ್ವ ಎಂದು ಕರೆಯುತ್ತಿರಲಿಲ್ಲ, ಕುರುಡಿ ಎನ್ನುತ್ತಿದ್ದರು.

ಅವಳು ತೀರಿಹೋಗಿ ಏಳು ವರ್ಷವಾಯಿತು. ಮಳೆ ಬಿದ್ದಾಗೊಮ್ಮೆ ನಾನು ಗುಡ್ಡ ಹತ್ತಿ ಸಣ್ಣ ಎಲೆಗಳನ್ನು ಮಗುಚಿ ನೋಡುತ್ತೇನೆ. ಆ ಗಿಡ ಇನ್ನೂ ಸಿಕ್ಕಿಲ್ಲ.