ಕಲಿನಿನ್‌ಗ್ರಾಡಿನ ನೀನಕ್ಕ

ಮದುವೆಯಾಗಿ ಪಾಂಡವಪುರಕ್ಕೆ ಬಂದ ದಿನ ಅತ್ತೆ ಹೊಸಿಲಲ್ಲೇ ನಿಲ್ಲಿಸಿ ಕೇಳಿದರಂತೆ: "ನಿನ್ ಹೆಸ್ರೇನವ್ವ?"

"ನೀನಾ."

"ನಾನಲ್ಲ ಕಣವ್ವ, ನಿನ್ ಹೆಸ್ರು!"

"ನೀನಾ!"

ಅತ್ತೆ ಮಗನ ಕಡೆ ತಿರುಗಿ, "ಶಿವ, ಈ ಮಗೀಗೆ ಕಿವಿ ಮಂದ ಏನ್ಲಾ?" ಅಂದರಂತೆ. ಈ ಕತೆಯನ್ನು ನೀನಕ್ಕ ಹೇಳುವಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಶಿವಣ್ಣ ಓದಲು ಸೋವಿಯತ್ ದೇಶಕ್ಕೆ ಹೋಗಿ, ಇಂಜಿನಿಯರ್ ಆಗಿ, ಅಲ್ಲಿ ಜೊತೆಗೆ ಓದುತ್ತಿದ್ದ ಈ ಎತ್ತರದ ಹೆಂಗಸನ್ನು ಕರೆತಂದಿದ್ದರು. ನೀನಕ್ಕ ಸೀರೆಯನ್ನು ಕಣಕಾಲಿನ ಮೇಲಕ್ಕೇ ಉಟ್ಟು, ಸಂತೆಯಲ್ಲಿ ಸೌತೆಕಾಯಿ ಮುರಿದು ಮೂಸಿ ನೋಡಿಯೇ ಕೊಳ್ಳುತ್ತಿದ್ದರು. ಅದಕ್ಕೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸೇರಿಸಿ ಉಪ್ಪುನೀರಿನ ಜಾಡಿಯಲ್ಲಿ ಹುಳಿ ಬರಿಸುತ್ತಿದ್ದರು. ಪಕ್ಕದ ಮನೆಯ ನಮಗೂ ಅದರಲ್ಲೊಂದು ಬಟ್ಟಲು ಬರುತ್ತಿತ್ತು.

ಅವರ ಕನ್ನಡವೆಲ್ಲ ಅತ್ತೆಯಿಂದ ಕಲಿತದ್ದು. ಆ ಅಜ್ಜಿಗೆ ಗಂಡಸರೆಲ್ಲ 'ಲಾ', ಹೆಂಗಸರೆಲ್ಲ 'ಅವ್ವ'. ಹಾಗಾಗಿ ನೀನಕ್ಕ ಬ್ಯಾಂಕಿಗೆ ಹೋದವರೇ, "ಏನ್ಲಾ ಮ್ಯಾನೇಜ್ರೆ, ನೆನ್ನೆ ಬಾ ಅಂದೋನು ನೀನೇ ಇರ್ನಿಲ್ವಲ್ಲ!" ಎಂದು ದಬಾಯಿಸುತ್ತಿದ್ದರು. ಧಾರವಾಡದ ಕಡೆಯ ಆ ಮ್ಯಾನೇಜರು ಮೊದಮೊದಲು ಕೆಂಪಾದರು, ಆಮೇಲೆ ಒಗ್ಗಿಹೋದರು. ಯಾರೋ ಹೇಳಿಕೊಟ್ಟು ಒಂದು ದಿನ ನೀನಕ್ಕ "ನೀವು" ಅಂದಾಗ, "ಯಾಕ್ರೀ ಅಕ್ಕಾರ, ಸಿಟ್ಟು ಬಂತೇನ್ರಿ?" ಎಂದು ಗಾಬರಿಯಾದರಂತೆ.

ಅವರ ತವರು ಕಲಿನಿನ್‌ಗ್ರಾಡ್ ಪಟ್ಟಣದ ಪಕ್ಕದ ಹಳ್ಳಿ. ಭೂಪಟದಲ್ಲಿ ಆ ಸೀಮೆ ರಷ್ಯಾಕ್ಕೆ ಅಂಟಿಕೊಂಡೇ ಇಲ್ಲವಲ್ಲ ಎಂದು ನಾನು ಕೇಳಿದ್ದೆ.

"ಸೋವಿಯತ್ ಒಡೀತಲ್ಲ, ಅಣ್ಣತಮ್ಮಂದ್ರು ಭಾಗ ಆದ್ರು ಕಣೆ," ಅಂದರು. "ದೊಡ್ಡ ಹೊಲ ಅತ್ತಗೆ ಹೋಯ್ತು, ನಮ್ ತುಂಡು ಸಮುದ್ರದ ದಡದಲ್ಲಿ ಉಳ್ಕತ್ತು. ಮಧ್ಯೆ ಬೇರೇರ ಹೊಲ. ಮನೇಗೆ ಹೋಗ್ಬೇಕಂದ್ರೂ ಅವರು ದಾರಿ ಬುಡ್ಬೇಕು."

ದಾರಿ ಜಗಳ ಕಂಡ ನಮ್ಮೂರಿನವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಸೋವಿಯತ್ ಕಾಲದಲ್ಲಿ ಅಲ್ಲಿಗೆ ಹೊರದೇಶದವರನ್ನೇ ಬಿಡುತ್ತಿರಲಿಲ್ಲವಂತೆ. ಮದುವೆಯಾಗಿ ವರ್ಷಗಟ್ಟಲೆ ಮಾವನ ಮನೆ ಕಾಣದ ಅಳಿಯ ಇಡೀ ತಾಲ್ಲೂಕಿನಲ್ಲಿ ತಾನೊಬ್ಬನೇ ಎಂದು ಶಿವಣ್ಣ ಕೊರಗುತ್ತಿದ್ದರು.

ಒಂದು ಬೆಳಿಗ್ಗೆ ನಾನು ಮಜ್ಜಿಗೆ ಕೇಳಲು ಅವರ ಮನೆಗೆ ಹೋಗಿದ್ದೆ. ಬಾಗಿಲಾಚೆ ಒಬ್ಬ ವಯಸ್ಸಾದವರು ಹೆಂಚಿನ ಸೂರನ್ನೇ ನೋಡುತ್ತ ನಿಂತಿದ್ದರು. ಶಿವಣ್ಣ ಕ್ರಯಕ್ಕೆ ಕೊಂಡಿದ್ದ ಆ ಮನೆ ಹಿಂದೆ ಈ ಹಿರಿಯರ ಅಪ್ಪನದು. ಶಿವಣ್ಣ ಆತನ ಗುರುತು ಹಿಡಿದವರೇ ಒಳಗೆ ಬಂದು ಪಿಸುಗುಟ್ಟಿದರು: "ಭಾಗ ಕೇಳಾಕೆ ಬಂದವ್ನೆ. ಮಾತಾಡಿಸ್ಬ್ಯಾಡ. ನಾಳೆ ಕೇಸು ಹಾಕ್ತಾನೆ."

ನೀನಕ್ಕ ಗಂಡನನ್ನು ಪಕ್ಕಕ್ಕೆ ಸರಿಸಿ ಬಾಗಿಲು ಪೂರಾ ತೆಗೆದರು. "ಬಾರ್ಲಾ ಅಣ್ಣ, ಒಳೀಕ್ ಬಾ."

ಆತ ಅಳುಕುತ್ತ ಹೇಳಿದರು: "ಏನೂ ಬ್ಯಾಡ ಕಣವ್ವ. ನಮ್ಮವ್ವ ಈ ನಡುಮನೇಲೇ ನನ್ನ ಹಡೆದಿದ್ದು. ಒಂದ್ಸಲ ನೋಡ್ಬೇಕು ಅನ್ನಿಸ್ತು."

ನೀನಕ್ಕ ಅವರಿಗೆ ಅಡುಗೆಮನೆ, ಹಿತ್ತಲು ಎಲ್ಲ ತೋರಿಸಿ, ಉಣ್ಣಿಸಿ, ಹಿತ್ತಲಿನ ಹಲಸಿನ ಹಣ್ಣು ಹೊರಿಸಿ ಕಳಿಸಿದರು. ಶಿವಣ್ಣ ಕುದಿಯುತ್ತ ಕೂತಿದ್ದರು. "ನಿಂಗೆ ಈ ದೇಶದ ವ್ಯವಹಾರ ಗೊತ್ತಿಲ್ಲ!"

"ನಿಂಗೆ ನಮ್ಮವ್ವನ ವ್ಯವಹಾರ ಗೊತ್ತಿಲ್ಲ," ಎಂದು ನೀನಕ್ಕ ಗೋಡೆಗೊರಗಿ ಕೂತರು.

"ಯುದ್ಧದಲ್ಲಿ ನಮ್ಮಜ್ಜಿ ಊರು ಸುಟ್ಟೋಯ್ತು. ಗೂಡ್ಸು ರೈಲಲ್ಲಿ ಒಂದು ಹಸ, ನಮ್ಮವ್ವನ್ನ ಹಾಕ್ಕಂಡು ಕಲಿನಿನ್‌ಗ್ರಾಡ್ ಸೀಮೇಗೆ ಬಂದ್ಲು. ಅದು ಜರ್ಮನ್ನರು ಸೋತು ಕಳ್ಕಂಡಿದ್ದ ಸೀಮೆ. ಸರ್ಕಾರ ಒಂದು ಮನೆ ಕೊಡ್ತು. ಬಾಗ್ಲು ತೆಗುದ್ರೆ ಒಳಗೆ ಜರ್ಮನ್ ಹೆಂಗ್ಸು, ಅವಳ ಮಗಳು! ಮನೆ ಅವ್ರದ್ದೇ. ಎಲ್ಲಿಗೆ ಹೋಗ್ಬೇಕು? ಒಂದೇ ಸೂರಲ್ಲಿ ಇದ್ರು. ನಮ್ಮೋರು ಹಾಲು ಕೊಟ್ರು. ಅವ್ಳು ಮನೆ ಬೆಚ್ಚಗೆ ಮಾಡೋ ಪಿಂಗಾಣಿ ಬಿಲ್ಲೆ ಒಲೆ ಹಚ್ಚೋದು ಹೇಳ್ಕೊಟ್ಲು. ಆಮೇಲೆ ಜರ್ಮನ್ನರೆಲ್ಲ ಹೊರಡಿ ಅಂತ ಆರ್ಡರ್ ಬಂತು. ಹೊರಡೋವಾಗ ಅವ್ಳು ಹಸೀನ ಕತ್ತು ತಬ್ಕಂಡು ಅತ್ಲಂತೆ. ನಮ್ಮಜ್ಜಿ ಸಾಯೋಗಂಟ ಹಿತ್ಲಲ್ಲಿ ಒಂದು ಗಿಡ ನೆಡ್ನಿಲ್ಲ. ಯಾರ ಮನೇನೋ, ನಮ್ಮನ್ ಯಾವಾಗ ಎಬ್ಬಿಸ್ತಾರೋ ಅಂತ."

ನೀನಕ್ಕ ಮುಂದುವರಿಸಿದರು: "ಗಡಿ ತೆಗುದ್ ಮೇಲೆ ಜರ್ಮನ್ನರು ಬಸ್ಸಲ್ಲಿ ಊರು ನೋಡಾಕೆ ಬರೋರು. ನಾನು ತವರಿಗೆ ಹೋಗಿದ್ದಾಗ ಬಾಗ್ಲಲ್ಲಿ ಒಬ್ಳು ಮುದ್ಕಿ. ನಮ್ಮವ್ವ ನೋಡ್ದೇಟ್ಗೇ ಗುರ್ತು ಹಿಡುದ್ಲು. ಆ ಮಗಳು! ಇಬ್ರಿಗೂ ಒಬ್ಬರ ಮಾತು ಒಬ್ಬರಿಗೆ ಬರಲ್ಲ. ಅವ್ಳು ಒಲೇಗೆ ಬೆನ್ನು ಕೊಟ್ಟು ಸುಮ್ಕೆ ಕುಂತಿದ್ಲು, ನಮ್ಮವ್ವ ಟೀ ಕೊಟ್ಲು. ಎದ್ದು ಹೋದ್ಲು, ಅಷ್ಟೇಯ. ಮಾರ್ನೇ ದಿನ ನಮ್ಮವ್ವ ಗುದ್ಲಿ ತಕ್ಕಂಡು ಸೇಬಿನ ಗಿಡ ನೆಟ್ಲು. 'ಈಗ ಇದು ನನ್ ಮನೆ' ಅಂದ್ಲು."

ಕೇಸು ಬರಲಿಲ್ಲ. ಮುಂದಿನ ಯುಗಾದಿಗೆ ಆ ಹಿರಿಯರಿದ್ದ ಕೆ.ಆರ್. ಪೇಟೆಗೆ ಹೋಗಿ ಅವರನ್ನು ಊಟಕ್ಕೆ ಕರೆತಂದವರು ಶಿವಣ್ಣನೇ. ಆಮೇಲೆ ಅದು ವಾಡಿಕೆಯಾಯಿತು. ಆ ಹಿರಿಯರು, ಶಿವಣ್ಣ ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಳ್ಳುವವರೆಗೂ ನಡೆಯಿತು.

ಈಚೆಗೆ ತವರಿನಲ್ಲಿ ನೀನಕ್ಕನ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ನಾನು ರೈಲ್ವೆ ಸ್ಟೇಷನ್ನಿಗೆ ಕಳಿಸಲು ಹೋದೆ. ಈಗ ಮಧ್ಯದವರು ದಾರಿ ಬಿಡದೆ ಅಲ್ಲಿಗೆ ವಿಮಾನ ಕೂಡ ಸಮುದ್ರದ ಮೇಲೆ ಬಳಸಿಕೊಂಡು ಹೋಗುತ್ತದಂತೆ. ಪೆಟ್ಟಿಗೆ ಎತ್ತಿದೆ, ಕಲ್ಲಿನಷ್ಟು ಭಾರ.

"ಏನಿದೆ ನೀನಕ್ಕ ಇದ್ರಲ್ಲಿ?"

"ರಾಗಿ ಹಿಟ್ಟು. ನಮ್ಮಕ್ಕಂಗೆ ಮುದ್ದೆ ನುಂಗೋದು ಕಲಿಸ್ತೀನಿ. ಎದ್ದು ಓಡಾಡ್ಲಿಲ್ಲ ಅಂದ್ರೆ ಕೇಳು!"

ಅಕ್ಕ ಎದ್ದು ಓಡಾಡುತ್ತಿದ್ದಾರೆ. ಆದರೂ ನೀನಕ್ಕ ಬಂದಿಲ್ಲ. ಅಕ್ಕನನ್ನು ಒಂಟಿಯಾಗಿ ಬಿಡಲಾರರು. ಇನ್ನು ಬರುವುದೂ ಇಲ್ಲವೇನೋ. ಭಾನುವಾರ ಮಾತ್ರ ತಪ್ಪದೆ ಫೋನು ಮಾಡುತ್ತಾರೆ. ಅಲ್ಲಿ ಹಿಮ ಬೀಳುತ್ತಿರುತ್ತದೆ, ಆ ವಿಷಯವನ್ನೇ ಎತ್ತುವುದಿಲ್ಲ.

"ನಮ್ಮೂರಲ್ಲಿ ಮಳೆ ಆಯ್ತೇನೆ?" ಎಂದು ಕೇಳುತ್ತಾರೆ. "ತೊಣ್ಣೂರು ಕೆರೆ ತುಂಬ್ತಾ?"